ಐದು ವರ್ಷದ ಮೆಂಬರಕ್ಕ

2020ರ ನವೆಂಬರ್ ಮೊದಲ ವಾರ. ಅಂಗಳದಲ್ಲಿ ಅಡಿಕೆ ಹರಡುತ್ತಿದ್ದೆ. ಮೂವರು ಗಂಡಸರು ಗುಡ್ಡೆಯ ದಾರಿಯಿಂದ ಇಳಿದು ಬಂದರು. ಮಾಸ್ಕು ಗಲ್ಲದ ಮೇಲಿತ್ತು. ಜಗಲಿಯಲ್ಲಿ ಕೂತು, ನೀರು ಬೆಲ್ಲ ಆದ ಮೇಲೆ ಒಬ್ಬರು ವಿಷಯ ಎತ್ತಿದರು. "ಈ ಸಲ ನಮ್ಮ ವಾರ್ಡು ಲೇಡೀಸಿಗೆ ಬಂದಿದೆ. ಅಕ್ಕನನ್ನು ನಿಲ್ಲಿಸುವ ಅಂತ."

ಅಕ್ಕ ಅಂದರೆ ನಾನು. ಆದರೆ ಅವರು ಮಾತಾಡುತ್ತಿದ್ದದ್ದು ನನ್ನ ಗಂಡನ ಮುಖ ನೋಡಿಕೊಂಡು. ನಾನು ಬುಟ್ಟಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಇವರು ತಲೆ ಕೆರೆದುಕೊಂಡು, "ನಿಲ್ಲುವವಳು ಅವಳಲ್ವಾ, ಅವಳನ್ನೇ ಕೇಳಿ" ಅಂದರು. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಇವರು ಹೇಳಿದ ಒಳ್ಳೆಯ ಮಾತುಗಳಲ್ಲಿ ಅದೂ ಒಂದು.

ನಮ್ಮದು ಕಾಸರಗೋಡಿನ ಪೆರ್ಲ ಕಡೆಯ ಒಂದು ವಾರ್ಡು. ಪಂಚಾಯತಿನ ಹೆಸರು ಬೇಡ, ಪಕ್ಷದ ಹೆಸರೂ ಬೇಡ. ಆಗ ನಾನು ಕುಟುಂಬಶ್ರೀಯ, ಅಂದರೆ ಕೇರಳ ಸರಕಾರದ ಹೆಂಗಸರ ಸ್ವಸಹಾಯ ಸಂಘಗಳ, ವಾರ್ಡು ಮಟ್ಟದ ಒಕ್ಕೂಟ ಎಡಿಎಸ್‌ನ ಸೆಕ್ರೆಟರಿ. ಅಂದರೆ ವಾರ್ಡಿನ ಅಷ್ಟೂ ಸಂಘಗಳ ಲೆಕ್ಕ ನನ್ನ ಕೈಯಲ್ಲಿ. ಯಾರ ಮನೆಯ ಸಾಲ ಎಷ್ಟು ಬಾಕಿ, ಯಾರು ವಾರದ ಹಣ ಕಟ್ಟದೆ ತಪ್ಪಿಸಿಕೊಳ್ಳುತ್ತಾರೆ, ಯಾರ ಮನೆಯಲ್ಲಿ ಗಂಡನಿಗೆ ಗೊತ್ತಿಲ್ಲದೆ ಸೊಸೆ ಚೀಟಿ ಹಾಕಿದ್ದಾಳೆ, ಎಲ್ಲ ಗೊತ್ತು. ಪಕ್ಷದವರಿಗೆ ಬೇಕಾದದ್ದೂ ಅದೇ. ನನ್ನ ಭಾಷಣವಲ್ಲ, ನನ್ನ ಪುಸ್ತಕ. ಪಕ್ಷದ ಚಿಹ್ನೆ ಇಲ್ಲ, ಬೆಂಬಲಿತ ಸ್ವತಂತ್ರ ಅಭ್ಯರ್ಥಿ ಅಂದರು. ಗೆದ್ದರೆ ನಮ್ಮವಳು, ಸೋತರೆ ಸ್ವತಂತ್ರ. ಅಷ್ಟು ನನಗೂ ಅರ್ಥವಾಗುತ್ತದೆ.

ಜಗಲಿಯ ಮೂಲೆಯಲ್ಲಿ ದೊಡ್ಡ ಮಾವ ಕೂತಿದ್ದರು. ನನ್ನ ಮಾವನ ಅಣ್ಣ. ಎಲೆ ಅಡಿಕೆ ಜಗಿಯುತ್ತಾ ಅಷ್ಟು ಹೊತ್ತು ಸುಮ್ಮನಿದ್ದವರು ಬಾಯಿ ಬಿಟ್ಟರು. "ನಿಲ್ಲಲಿ ಮಾರಾಯ್ರೆ. ಜಾರ್ಜ್ ಶುರು ಮಾಡಿದ್ದೂ ಕೌನ್ಸಿಲರ್ ಆಗಿಯೇ."

ದೊಡ್ಡ ಮಾವ 1962ರಲ್ಲಿ, ಹದಿನೈದನೇ ವಯಸ್ಸಿಗೆ, ಬೊಂಬಾಯಿ ಬಸ್ಸು ಹತ್ತಿದವರು. ನಮ್ಮ ಕಡೆಯ ಎಷ್ಟೋ ಮನೆಗಳ ಕತೆ ಇದು. ಗಿರ್ಗಾಂವಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಿದ್ದರು. ಆಗ ಜಾರ್ಜ್ ಫರ್ನಾಂಡಿಸ್ ಬೊಂಬಾಯಿ ಮುನ್ಸಿಪಲ್ ಕಾರ್ಪೊರೇಷನ್ನಿನ ಸದಸ್ಯ. 1961ರಿಂದ 1968ರ ತನಕ ಇದ್ದರು. ಹುಟ್ಟಿದ್ದು ಮಂಗಳೂರಿನಲ್ಲಿ, 1930ರಲ್ಲಿ. ಪಾದ್ರಿ ಆಗಲಿ ಅಂತ ಮನೆಯವರು ಸೆಮಿನರಿಗೆ ಕಳಿಸಿದರೆ ಅಲ್ಲಿಂದ ಹೊರಟು ಬಂದರು. ಬೊಂಬಾಯಿ ಸೇರಿ, ಟ್ಯಾಕ್ಸಿಯವರನ್ನು, ಹೋಟೆಲ್ ಹುಡುಗರನ್ನು, ಮುನ್ಸಿಪಾಲಿಟಿ ಕೆಲಸಗಾರರನ್ನು ಯೂನಿಯನ್ನಿಗೆ ತಂದರು. 1967ರಲ್ಲಿ ಲೋಕಸಭೆಗೆ ನಿಂತು ಎಸ್.ಕೆ. ಪಾಟೀಲರನ್ನೇ ಸೋಲಿಸಿದರು. ಪಾಟೀಲರೂ ಒಂದು ಕಾಲಕ್ಕೆ ಬೊಂಬಾಯಿಯ ಮೇಯರ್ ಆಗಿದ್ದವರೇ, ಆಮೇಲೆ ಕೇಂದ್ರದ ಮಂತ್ರಿ. ಆ ರಾತ್ರಿ ಹೋಟೆಲಿನ ಹುಡುಗರೆಲ್ಲ ಪಾತ್ರೆ ತೊಳೆಯುವುದು ಬಿಟ್ಟು ಬೀದಿಗೆ ಇಳಿದಿದ್ದರಂತೆ. ಮರುದಿನ ಮಾಲೀಕರು ಅರ್ಧ ದಿನದ ಸಂಬಳ ಹಿಡಿದರಂತೆ. ಈ ಕತೆ ನಮ್ಮ ಮನೆಯಲ್ಲಿ ನೂರು ಸಲ ಆಗಿದೆ. ಅರ್ಧ ದಿನ ಒಮ್ಮೊಮ್ಮೆ ಇಡೀ ದಿನ ಆಗುವುದೂ ಉಂಟು.

ನನಗೆ ಜಾರ್ಜ್ ಅಂದರೆ ರೈಲು. 1989ರಲ್ಲಿ ರೈಲ್ವೆ ಮಂತ್ರಿ ಆದರು, ಕೊಂಕಣ ರೈಲ್ವೆ ಶುರುವಾಯಿತು. 1998ರಲ್ಲಿ ಪೂರ್ತಿ ಓಡಿದಾಗ ದೊಡ್ಡ ಮಾವ ಊರಿಗೆ ಬರುವ ದಾರಿ ಅರ್ಧಕ್ಕರ್ಧ ಸುಲಭ ಆಯಿತು. ಹಾಗಾಗಿ ಅವರ ಲೆಕ್ಕದಲ್ಲಿ ಕೌನ್ಸಿಲರ್ ಆದವನು ಮುಂದೊಂದು ದಿನ ರೈಲು ತರಲೇಬೇಕು. ನಾನು ಆಯ್ತು ಅಂದದ್ದು ರೈಲಿಗಾಗಿ ಅಲ್ಲ. ನಮ್ಮ ಮೇಲಿನ ಕಾಲನಿಗೆ ಮಾರ್ಚ್ ಬಂದರೆ ನೀರಿಲ್ಲ. ಐದು ವರ್ಷ ಅದನ್ನೇ ಬರೆದು ಬರೆದು ಅರ್ಜಿ ಕೊಟ್ಟವಳು ನಾನು. ಅರ್ಜಿ ತೆಗೆದುಕೊಳ್ಳುವ ಕಡೆ ಹೇಗಿರುತ್ತದೆ ನೋಡುವ ಅಂತ ಆಸೆ ಆಯಿತು.

ನಾಮಪತ್ರ ಕೊಡಲು ಕೊನೆಯ ದಿನ ನವೆಂಬರ್ 19. ನಮೂನೆ 2, ಅದರ ಜೊತೆ 2ಎ. ಎರಡನೆಯದರಲ್ಲಿ ಆಸ್ತಿ, ಸಾಲ, ಕೇಸುಗಳ ವಿವರ. ನಮ್ಮೂರಿನಲ್ಲಿ ಮಾತಾಡುವುದು ತುಳು, ಹವ್ಯಕ, ಮರಾಟಿ, ಬ್ಯಾರಿ, ಮಲಯಾಳ. ಕಲಿತದ್ದು ಕನ್ನಡ. ಕೈಗೆ ಬಂದ ಫಾರಂ ಮಾತ್ರ ಮಲಯಾಳದ್ದು. ನಾನು ಮಲಯಾಳ ಮಾತಾಡುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ. ಸರಕಾರದ ಮಲಯಾಳ ಬೇರೆಯೇ ಭಾಷೆ. 'ವರಣಾಧಿಕಾರಿ' ಅಂತ ಓದಿ, ಇದೆಂತ, ಮದುವೆ ಮಾಡಿಸುವವರಾ ಅಂತ ಕೇಳಿದೆ. ಎಲ್ಲರೂ ನಕ್ಕರು. ಅವರು ಚುನಾವಣಾಧಿಕಾರಿ. ನಾಮಪತ್ರ ತೆಗೆದುಕೊಳ್ಳುವವರು.

ಕೇರಳದಲ್ಲಿ 1969ರ ಕಾನೂನಿನ ಪ್ರಕಾರ ನಾವು ಕನ್ನಡದಲ್ಲೇ ಸರಕಾರಕ್ಕೆ ಬರೆಯಬಹುದು. ಬರೆಯಬಹುದು ನಿಜ. ಆದರೆ ಕೊನೆಯ ದಿನದ ಮುಂಚಿನ ಸಂಜೆ ನಾಲ್ಕು ಗಂಟೆಗೆ ಕಾನೂನು ಹೇಳುತ್ತಾ ಕೂರಲು ಆಗುವುದಿಲ್ಲ. ಮಲಯಾಳ ಮೀಡಿಯಮ್ಮಿನಲ್ಲಿ ಕಲಿತ ನೆರೆಮನೆಯ ಹುಡುಗಿಯನ್ನು ಕೂರಿಸಿ ತುಂಬಿಸಿದೆ. ಆಸ್ತಿ ಕಾಲಮ್ಮಿನಲ್ಲಿ ಚಿನ್ನ ಎಷ್ಟು ಪವನು ಅಂತ ಕೇಳಿದಾಗ ಅತ್ತೆ ಒಳಗಿಂದಲೇ ಕಿವಿ ಕೊಟ್ಟದ್ದು ನನಗೆ ಕಾಣಿಸಿತು. ಎರಡೂವರೆ ಪವನು ಸೊಸೈಟಿಯಲ್ಲಿ ಅಡವು ಇದ್ದದ್ದು ಅತ್ತೆಗೆ ಗೊತ್ತಿರಲಿಲ್ಲ. ಸಾಲದ ಕಾಲಮ್ಮಿನಲ್ಲಿ ಬರೆಯಲೇಬೇಕಾಯಿತು. ಪಂಚಾಯತಿನ ನೋಟೀಸು ಬೋರ್ಡಿನಲ್ಲಿ ಅದು ಬೀಳುವ ಮೊದಲು ಅಡಿಗೆಮನೆಯಲ್ಲಿ ಒಂದು ಸಣ್ಣ ಗ್ರಾಮಸಭೆ ಆಯಿತು.

ಠೇವಣಿ 1,000 ರೂಪಾಯಿ. ಸೂಚಕರಾಗಿ ಸಹಿ ಹಾಕುವವರು ಅದೇ ವಾರ್ಡಿನ ಮತದಾರರಾಗಿರಬೇಕು. ಕೊರೋನಾ ಇದ್ದುದರಿಂದ ಅಭ್ಯರ್ಥಿಯ ಜೊತೆ ಇಬ್ಬರಿಗೆ ಮಾತ್ರ ಒಳಗೆ ಪ್ರವೇಶ. ನನಗೆ ಖುಷಿಯೇ ಆಯಿತು. ಇಲ್ಲದಿದ್ದರೆ ಮೆರವಣಿಗೆ, ಮಾಲೆ, ಅದರ ಖರ್ಚು.

ಮರುದಿನ ಪರಿಶೀಲನೆ. ಅಲ್ಲಿ ಬಂತು ನೋಡಿ ಗ್ರಹಚಾರ. ಎದುರು ಕಡೆಯವರ ಏಜೆಂಟು ಎದ್ದು ನಿಂತು, ಮತದಾರರ ಪಟ್ಟಿಯ ಹೆಸರಿಗೂ ಫಾರಮ್ಮಿನ ಹೆಸರಿಗೂ ತಾಳೆ ಇಲ್ಲ ಅಂದರು. ನಿಜವೇ. ಪಟ್ಟಿ ಮಾಡಿದ ಪುಣ್ಯಾತ್ಮರು ನನ್ನ ಗಂಡನ ಹೆಸರಿನ ಭಕಾರವನ್ನು ಬಕಾರ ಮಾಡಿದ್ದರು. ಮನೆ ಹೆಸರಿನ ಕೊನೆಯ 'ಅಡ್ಕ' ಹೋಗಿ 'ಅಡುಕ್ಕಂ' ಆಗಿತ್ತು. ಕನ್ನಡದ ಊರುಗಳು ಮಲಯಾಳದ ಕಾಗದಕ್ಕೆ ಹೋಗುವಾಗ ಹೀಗೆ ಬಾಲ ಬೆಳೆಸಿಕೊಳ್ಳುತ್ತವೆ. ಹತ್ತು ವರ್ಷದಿಂದ ಹಾಗೇ ಇತ್ತು. ಓಟು ಹಾಕುವಾಗ ಯಾರೂ ಕೇಳಿರಲಿಲ್ಲ. ಓಟು ಕೇಳಲು ಹೊರಟಾಗ ಕೇಳಿದರು. ನನ್ನ ಅಂಗೈ ಬೆವರಿತು. ಗುರುತು ಚೀಟಿ, ರೇಶನ್ ಕಾರ್ಡು, ಶಾಲೆಯ ಸರ್ಟಿಫಿಕೇಟು, ಎಲ್ಲ ಇದ್ದ ಪ್ಲಾಸ್ಟಿಕ್ ತೊಟ್ಟೆಯನ್ನೇ ಮೇಜಿನ ಮೇಲೆ ಸುರಿದೆ. ಅಧಿಕಾರಿ ಒಂದೊಂದನ್ನೂ ನೋಡಿದರು, ಕ್ರಮಸಂಖ್ಯೆ ನೋಡಿದರು, ನನ್ನ ಮುಖ ನೋಡಿದರು. ಅಕ್ಷರದ ವ್ಯತ್ಯಾಸ ಅಷ್ಟೇ ಅಂತ ನಾಮಪತ್ರ ಒಪ್ಪಿಕೊಂಡರು. ಹೊರಗೆ ಬಂದು ಒಂದು ಸೋಡಾ ಕುಡಿದೆ.

23ಕ್ಕೆ ವಾಪಸಾತಿ ಮುಗಿದಾಗ ಕಣದಲ್ಲಿ ನಾಲ್ವರು. ಅದರಲ್ಲಿ ಒಬ್ಬಳದು ನನ್ನದೇ ಹೆಸರು! ಬೇರೆ ವಾರ್ಡಿನವಳು. ಪಂಚಾಯತಿನ ಯಾವ ವಾರ್ಡಿನ ಮತದಾರರಾದರೂ ಇನ್ನೊಂದು ವಾರ್ಡಿನಲ್ಲಿ ನಿಲ್ಲಬಹುದು. ಮಲಯಾಳದಲ್ಲಿ ಇಂಥವರಿಗೆ 'ಅಪರ' ಅನ್ನುತ್ತಾರೆ. ಕೇರಳದ ಚುನಾವಣೆಯಲ್ಲಿ ಅಪರ ಇಲ್ಲದಿದ್ದರೆ ನಿಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ ಅಂತ ಅರ್ಥ. ಹಾಗಾಗಿ ಸಿಟ್ಟಿನ ಜೊತೆ ಸ್ವಲ್ಪ ಜಂಬವೂ ಬಂತು. ಆಮೇಲೆ ಒಂದು ದಿನ ಪೆರ್ಲ ಪೇಟೆಯಲ್ಲಿ ಅವಳು ಸಿಕ್ಕಿದಳು. ಪಾಪ, ಬೀಡಿ ಕಟ್ಟುವ ಹೆಂಗಸು. "ಎಂತ ಮಾಡುದು ಅಕ್ಕ, ಸಹಿ ಹಾಕು ಅಂದರು, ಹಾಕಿದೆ" ಅಂದಳು. ಇಬ್ಬರೂ ಒಟ್ಟಿಗೆ ಚಹಾ ಕುಡಿದೆವು. ಆ ಚಹಾದ ಹಣ ಖರ್ಚಿನ ಪುಸ್ತಕದಲ್ಲಿ ಬರೆಯಬೇಕಾ ಬೇಡವಾ ಅಂತ ರಾತ್ರಿ ಯೋಚನೆ ಆಯಿತು.

ಆ ಖರ್ಚಿನ ಪುಸ್ತಕವನ್ನು ಹಗುರ ಮಾಡಬಾರದು. ಗ್ರಾಮ ಪಂಚಾಯತಿನ ಅಭ್ಯರ್ಥಿಗೆ ಆಗ 25,000 ರೂಪಾಯಿ ಮಿತಿ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು. ಕೊಡದಿದ್ದರೆ ಐದು ವರ್ಷ ಅನರ್ಹ. ಸೋತವರು ಬೇಸರದಲ್ಲಿ ಇದನ್ನು ಮರೆತುಬಿಡುತ್ತಾರೆ, ಮುಂದಿನ ಸಲ ನಿಲ್ಲಲು ಹೋದಾಗ ಬಾಗಿಲು ಹಾಕಿರುತ್ತದೆ. ನನಗೆ ಕುಟುಂಬಶ್ರೀಯಲ್ಲಿ ಐವತ್ತು ಪೈಸೆಗೂ ವೋಚರ್ ಬರೆದು ಅಭ್ಯಾಸ. ನನ್ನ ಒಟ್ಟು ಖರ್ಚು 18,640. ಜಾಸ್ತಿ ಹೋದದ್ದು ಬಟ್ಟೆಯ ಬ್ಯಾನರಿಗೆ, ಪ್ಲಾಸ್ಟಿಕ್ ಫ್ಲೆಕ್ಸು ಹಾಕುವ ಹಾಗಿರಲಿಲ್ಲ. ಅದು ಬಿಟ್ಟರೆ ಗೋಡೆ ಬರಹಕ್ಕೆ. ಗೋಡೆ ಅಂದೆನಲ್ಲ, ಅದೂ ಒಂದು ಶಾಸ್ತ್ರ. ಚುನಾವಣೆಗೆ ಎಷ್ಟೋ ತಿಂಗಳ ಮೊದಲೇ ಪಕ್ಷದವರು ಪಾಗಾರಕ್ಕೆ ಸುಣ್ಣ ಬಳಿದು 'ಬುಕ್ಡ್' ಅಂತ ಬರೆದಿಡುತ್ತಾರೆ. ನಮ್ಮ ವಾರ್ಡಿನ ಒಳ್ಳೆಯ ಗೋಡೆಗಳು ಅಭ್ಯರ್ಥಿ ಹುಟ್ಟುವ ಮೊದಲೇ ಬುಕ್ ಆಗಿದ್ದವು.

ಚಿಹ್ನೆಗೆ ಚೀಟಿ ಎತ್ತಿದರು. ನನಗೆ ಬಂದದ್ದು ಆಟೋರಿಕ್ಷಾ. ಇದರಲ್ಲೊಂದು ತಮಾಷೆ. ಪೇಟೆಯ ಆಟೋ ಸ್ಟ್ಯಾಂಡಿನ ಹುಡುಗರಲ್ಲಿ ಹೆಚ್ಚಿನವರು ಎದುರು ಕಡೆಯ ಯೂನಿಯನ್ನಿನವರು. ದಿನವಿಡೀ ಅವರು ಓಡಿಸಿಕೊಂಡು ಹೋಗುವುದು ನನ್ನ ಚಿಹ್ನೆಯನ್ನು! ಒಬ್ಬ ಅಂತೂ ಹತ್ತಿದವರಿಗೆಲ್ಲ, "ಕೂರುವುದು ಇದರಲ್ಲಿ, ಒತ್ತುವುದು ಬೇರೆಯದ್ದು" ಅಂತ ಹೇಳುತ್ತಿದ್ದನಂತೆ. ದೊಡ್ಡ ಮಾವನಿಗೆ ಮಾತ್ರ ಇದು ದೈವ ನುಡಿದ ಹಾಗೆ ಆಯಿತು. "ಜಾರ್ಜಿಗೆ ಟ್ಯಾಕ್ಸಿ, ನಿನಗೆ ರಿಕ್ಷಾ."

ಮನೆ ಮನೆಗೆ ಹೋಗುವಾಗ ಅಭ್ಯರ್ಥಿ ಸೇರಿ ಐದೇ ಜನ ಅನ್ನುವ ನಿಯಮ ಇತ್ತು. ಮೂರು ಸುತ್ತು ಹಾಕಿದೆ. ಮೊದಲ ಸುತ್ತಿನಲ್ಲಿ ಎಲ್ಲರೂ "ನಿಮಗಲ್ಲದೆ ಮತ್ತೆ ಯಾರಿಗೆ" ಅಂದರು. ಎದುರಿನವರು ಹೋದಾಗಲೂ ಅದನ್ನೇ ಅಂದಿದ್ದರು ಅಂತ ಆಮೇಲೆ ಗೊತ್ತಾಯಿತು. ಎರಡನೇ ಸುತ್ತಿನಲ್ಲಿ ಬಾಯಿ ಬಿಟ್ಟರು. ಮೇಲಿನ ಕಾಲನಿಯ ಅಜ್ಜಿಯೊಬ್ಬರು ಕೊಡಪಾನ ಕವುಚಿ ಹಾಕಿ ಅದರ ಮೇಲೆ ಕೂತಿದ್ದರು. ಎದ್ದೇಳಲಿಲ್ಲ. ಕೈ ಮಾತ್ರ ಹಿಡಿದುಕೊಂಡರು. "ಓಟು ಕೊರ್ಪೆ ಮಗಾ. ಆಂಡ ನೀರ್ ಏಪ ಬರ್ಪುಂಡು?" ಓಟು ಕೊಡ್ತೇನೆ, ಆದರೆ ನೀರು ಯಾವಾಗ ಬರ್ತದೆ. ನನ್ನ ಜೊತೆಗಿದ್ದ ಪಕ್ಷದ ಹುಡುಗ ಯೋಜನೆ, ಕೇಂದ್ರ, ರಾಜ್ಯ ಅಂತ ಶುರು ಮಾಡಿದ. ಅಜ್ಜಿ ಅವನ ಕಡೆ ನೋಡಲೇ ಇಲ್ಲ. ನಾನು ಗೊತ್ತಿಲ್ಲ ಅಜ್ಜಿ ಅಂದೆ. ಆಗ ಕೈ ಬಿಟ್ಟರು.

ಗಡಿಯ ಹತ್ತಿರದ ಮನೆಗಳಲ್ಲಿ ಕೇಳಿದ ಪ್ರಶ್ನೆ ಬೇರೆ. ಅದೇ ವರ್ಷ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು. ಸಣ್ಣ ದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ನಮಗೆ ಆಸ್ಪತ್ರೆ ಅಂದರೆ ಮಂಗಳೂರು. ಡಯಾಲಿಸಿಸ್ಸಿಗೆ, ಹೆರಿಗೆಗೆ, ಎದೆನೋವಿಗೆ ಎಲ್ಲದಕ್ಕೂ. ಒಬ್ಬ ಇಚ್ಚ, ಅಂದರೆ ಬ್ಯಾರಿ ಅಣ್ಣ, ಗೇಟಿನ ಹೊರಗೇ ನಿಲ್ಲಿಸಿ ಕೇಳಿದರು. ಅವರ ಉಮ್ಮನಿಗೆ, ತಾಯಿಗೆ, ವಾರಕ್ಕೆರಡು ಸಲ ಡಯಾಲಿಸಿಸ್. "ನೀವು ಕನ್ನಡ ಕನ್ನಡ ಅಂತೀರಲ್ಲ, ಮಣ್ಣು ಹಾಕಿದವರು ಯಾರು?" ನಾನು ಏನು ಹೇಳಲಿ. 1956ರಿಂದ ನಾವು ಕೇರಳದಲ್ಲಿ ಕನ್ನಡದವರು, ಕರ್ನಾಟಕಕ್ಕೆ ಕೇರಳದವರು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಆಚೆಗೆ ಸೇರಬೇಕು ಅಂತ 1967ರಲ್ಲಿ ಮಹಾಜನ ವರದಿ ಹೇಳಿತ್ತು. ಅದರ ಬಗ್ಗೆ ಭಾಷಣ ಕೇಳುತ್ತಲೇ ನಾವು ದೊಡ್ಡವರಾದದ್ದು. ಆ ಗೇಟಿನ ಮುಂದೆ ಅದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಉಮ್ಮ ಹೇಗಿದ್ದಾರೆ ಅಂತ ಕೇಳಿದೆ. ಒಳಗೆ ಕರೆದರು. ಅವರು ಓಟು ಹಾಕಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಡಿಸೆಂಬರ್ 14, ಮತದಾನ. ಇಲ್ಲಿ ಒಬ್ಬೊಬ್ಬರು ಮೂರು ಓಟು ಹಾಕಬೇಕು. ಗ್ರಾಮ ಪಂಚಾಯತಿಗೆ ಬಿಳಿ, ಬ್ಲಾಕಿಗೆ ಗುಲಾಬಿ, ಜಿಲ್ಲಾ ಪಂಚಾಯತಿಗೆ ನೀಲಿ. ಮೂರು ಯಂತ್ರ ಸಾಲಾಗಿ ಇಟ್ಟಿರುತ್ತಾರೆ. ಹೆಸರುಗಳು ಮಲಯಾಳದ ಜೊತೆ ಕನ್ನಡದಲ್ಲೂ ಇದ್ದವು, ಅದೊಂದು ಸಮಾಧಾನ. ಮುದುಕರಿಗೆ ಮಾದರಿ ಬ್ಯಾಲೆಟ್ ತೋರಿಸಿ ತೋರಿಸಿ ಗಂಟಲು ಒಣಗಿತ್ತು. ಆದರೂ ನಮ್ಮ ಪಕ್ಕದ ಮನೆಯ ಅಜ್ಜ ಹೊರಗೆ ಬಂದು, "ನಿನಗೆ ಮೂರೂ ಒತ್ತಿದ್ದೇನೆ" ಅಂದರು. ಮೂರು ಯಂತ್ರದಲ್ಲಿ ನಾನಿದ್ದದ್ದು ಒಂದರಲ್ಲಿ. ಉಳಿದ ಎರಡರಲ್ಲಿ ಅವರು ಯಾರಿಗೆ ಒತ್ತಿದರೋ ದೇವರಿಗೇ ಗೊತ್ತು.

16ಕ್ಕೆ ಎಣಿಕೆ, ಬ್ಲಾಕ್ ಮಟ್ಟದ ಕೇಂದ್ರದಲ್ಲಿ. ನಾನು ಇಡೀ ದಿನದ ಕೆಲಸ ಅಂದುಕೊಂಡು ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ನಮ್ಮ ವಾರ್ಡಿನ ಸರದಿ ಬಂದದ್ದೇ, ಮುಗಿದದ್ದೇ. ಹತ್ತು ನಿಮಿಷವೂ ಇಲ್ಲ. ಯಂತ್ರದ ಸೀಲು ತೆಗೆದರು, ಬಟನ್ ಒತ್ತಿದರು, ಪುಟ್ಟ ಪರದೆಯಲ್ಲಿ ಕೆಂಪು ಅಂಕೆಗಳು. ನನಗೆ 412, ಎದುರಿನವಳಿಗೆ 401. ಅಪರಳಿಗೆ 23. ಕೋವಿಡ್ ಬಂದವರ ಅಂಚೆ ಮತ ಸೇರಿಯೇ ಈ ಲೆಕ್ಕ. ಹನ್ನೊಂದು ಮತ! 2016ರಲ್ಲಿ ಮಂಜೇಶ್ವರದ ವಿಧಾನಸಭೆ ಸೀಟೇ 89 ಮತದಲ್ಲಿ ತೀರ್ಮಾನ ಆದದ್ದನ್ನು ನೋಡಿದ ಊರು ನಮ್ಮದು. ಆದರೂ ಹನ್ನೊಂದು ಅಂದರೆ ಎರಡು ಮನೆ. ಆ ಎರಡು ಮನೆ ಯಾವುದು ಅಂತ ಐದು ವರ್ಷವೂ ಯೋಚಿಸಿದ್ದೇನೆ. ಯಾರ ಮನೆಯ ಮುಂದೆ ಹೋದರೂ ಇವರೇ ಇರಬಹುದಾ ಅನ್ನಿಸುತ್ತದೆ. ಪಾರ್ಲಿಮೆಂಟಿಗೆ ಲಕ್ಷದ ಲೆಕ್ಕದಲ್ಲಿ ಗೆದ್ದವರಿಗೆ ಈ ಕಾಟ ಇರಲಿಕ್ಕಿಲ್ಲ.

21ರಂದು ಪ್ರಮಾಣವಚನ. ವಯಸ್ಸಿನಲ್ಲಿ ಹಿರಿಯ ಸದಸ್ಯರು ಮೊದಲು ಸ್ವೀಕರಿಸಿ, ಉಳಿದವರಿಗೆ ಬೋಧಿಸಬೇಕು. ನಾನು ಕನ್ನಡದಲ್ಲಿ ತೆಗೆದುಕೊಂಡೆ. ಕನ್ನಡದ ಪ್ರತಿ ಇತ್ತು. ಆದರೆ ಜೆರಾಕ್ಸಿನ ಜೆರಾಕ್ಸು ಆಗಿ ಅಕ್ಷರ ಮಸುಕಾಗಿತ್ತು. ಹಿಂದಿನ ರಾತ್ರಿಯೇ ಬಾಯಿಪಾಠ ಮಾಡಿದ್ದು ಒಳ್ಳೆಯದಾಯಿತು. ನಮ್ಮ ನೆರೆಯ ಬದಿಯಡ್ಕ ಪಂಚಾಯತಿಗೆ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಕ್ಷರಾಗಿದ್ದವರು. ಶಾಲೆಯಲ್ಲಿ ಅವರ ಪದ್ಯ ಬಾಯಿಪಾಠ ಮಾಡಿದ್ದೆ, ಈಗ ಇದು.

ಅದೇ ಡಿಸೆಂಬರಿನಲ್ಲಿ ತಿರುವನಂತಪುರಕ್ಕೆ 21 ವರ್ಷದ ಆರ್ಯಾ ರಾಜೇಂದ್ರನ್ ಮೇಯರ್ ಆದರು. ಮರುವರ್ಷ ಮಂಜೇಶ್ವರ ಬ್ಲಾಕ್ ಪಂಚಾಯತಿನ ಅಧ್ಯಕ್ಷರಾಗಿದ್ದ ಎ.ಕೆ.ಎಂ. ಅಶ್ರಫ್ ಶಾಸಕರಾಗಿ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣ ಮಾಡಿದರು. ಕೋಝಿಕ್ಕೋಡಿನ ಕುನ್ನಮಂಗಲಂ ಬ್ಲಾಕಿನ ಅಧ್ಯಕ್ಷೆಯಾಗಿದ್ದ ರಮ್ಯಾ ಹರಿದಾಸ್ 2019ರಲ್ಲಿ ಆಲತ್ತೂರಿನಿಂದ ನೇರ ಲೋಕಸಭೆಗೇ ಹೋಗಿದ್ದರು. ನಮ್ಮ ತುಳುನಾಡಿನ ಕಡೆ ನೋಡಿದರೆ ಆಸ್ಕರ್ ಫರ್ನಾಂಡಿಸ್ ಉಡುಪಿ ಮುನ್ಸಿಪಾಲಿಟಿಯ ಸದಸ್ಯರಾಗಿದ್ದವರು, 1980ರಲ್ಲಿ ಎಂಪಿ ಆಗಿ, ಆಮೇಲೆ ಕೇಂದ್ರ ಮಂತ್ರಿಯೂ ಆದರು. ಇದನ್ನೆಲ್ಲ ದೊಡ್ಡ ಮಾವ ಪೇಪರಿನಲ್ಲಿ ಓದಿ ಓದಿ ನನಗೆ ಹೇಳುತ್ತಿದ್ದರು. ಮೆಟ್ಟಿಲು ಇದೆ ಅಂತ ತೋರಿಸಲಿಕ್ಕೆ. ನಾನು ಆಗ ಬೀದಿ ದೀಪದ ಕಂಬದ ನಂಬರ್ ಬರೆಯುತ್ತಾ ಇದ್ದೆ.

ಮೆಂಬರ್ ಕೆಲಸ ಎಂತದ್ದು ಅಂತ ಕೇಳಿದರೆ ಹೇಳುವುದು ಕಷ್ಟ. ತಿಂಗಳಿಗೆ ಮೊದಲು 7,000, ಆಮೇಲೆ 8,000 ರೂಪಾಯಿ ಗೌರವಧನ. ಮದುವೆ, ಗೃಹಪ್ರವೇಶ, ಉತ್ತರಕ್ರಿಯೆ, ಮುಯ್ಯಿ, ಎಲ್ಲ ಅದರಲ್ಲೇ. ಗ್ರಾಮಸಭೆಗೆ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಬಾರದಿದ್ದರೆ ಕೋರಂ ಇಲ್ಲ. ಹೆಂಗಸರನ್ನು ಉದ್ಯೋಗ ಖಾತ್ರಿಯ ಕೆಲಸದ ಜಾಗದಿಂದಲೇ ಕರೆದುಕೊಂಡು ಬಂದು ಕೂರಿಸಿದ್ದೂ ಇದೆ. ರಾತ್ರಿ ಹನ್ನೊಂದಕ್ಕೆ ಫೋನು, ಹಾವು ಬಂದಿದೆ ಅಂತ. ನಾನು ಹಾವು ಹಿಡಿಯುವವಳಾ?

ಒಂದು ಕೆಲಸ ಮಾತ್ರ ವಿವರವಾಗಿ ಹೇಳಬೇಕು. ನಮ್ಮ ಕಡೆಯ ಗೇರುತೋಟಗಳಿಗೆ 2000ನೇ ಇಸವಿಯ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದರು. ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ, ಮೂರು ತಿಂಗಳೊಳಗೆ ಕೊಡಿ ಅಂತ ಹೇಳಿತು. ಎಷ್ಟೋ ಮಂದಿಗೆ ಆ ದುಡ್ಡು ಕಂಡದ್ದು 2022ರಲ್ಲಿ ಕೋರ್ಟು ಇನ್ನೊಮ್ಮೆ ಗದರಿಸಿದ ಮೇಲೆ. ನನ್ನ ವಾರ್ಡಿನಲ್ಲಿ ಒಬ್ಬಳು ತಾಯಿ. ಮಗನಿಗೆ ಇಪ್ಪತ್ತಾರು ವರ್ಷ, ನೆಲದ ಮೇಲಿನ ಚಾಪೆಯೇ ಅವನ ಊರು. ತಾಯಿಯ ಹತ್ತಿರ ಕಾಗದದ ಕಟ್ಟು ಉಂಟು, ಬ್ಯಾಂಕ್ ಖಾತೆಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪು. ಮತ್ತೆ ಅದೇ ಅಕ್ಷರ ನೋಡಿ! ದೆಹಲಿಯಲ್ಲಿ ತೀರ್ಪಾಗಿದೆ, ತಿರುವನಂತಪುರದಿಂದ ಹಣ ಬಿಟ್ಟಿದ್ದಾರೆ, ಚಾಪೆಯ ತನಕ ಬರಲು ಒಂದು ಳಕಾರ ಅಡ್ಡ. ನಾಲ್ಕು ಸಲ ಅವಳ ಜೊತೆ ಆಫೀಸಿಗೆ ಹತ್ತಿ ಇಳಿದೆ. ಐದನೇ ಸಲ ಸರಿ ಆಯಿತು. ದುಡ್ಡು ಬಂದ ದಿನ ಅವಳು ನಮ್ಮ ಮನೆಗೆ ಒಂದು ಹಲಸಿನ ಹಣ್ಣು ಹೊತ್ತುಕೊಂಡು ಬಂದಳು. ನಾನು ಮಾಡಿದ ರಾಜಕೀಯದಲ್ಲಿ ನನಗೆ ನೆನಪಿರುವುದು ಹೆಚ್ಚು ಇದೇ.

ನೀರು? ಪೈಪು ಬಂತು. ರಸ್ತೆ ಅಗೆದು ಹಾಕಿದರು. ನಳ್ಳಿಯೂ ಕೂರಿಸಿದರು. ಮೊದಲ ಬೇಸಿಗೆಯಲ್ಲಿ ಅದರಲ್ಲಿ ಗಾಳಿ ಬಂತು. ಎರಡನೆಯದರಲ್ಲಿ ದಿನ ಬಿಟ್ಟು ದಿನ ನೀರು. ಕೊಡಪಾನದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು.

2022ರ ಜುಲೈ 25. ಪಂಚಾಯತು ಆಫೀಸಿನಲ್ಲಿ ಟಿವಿ ಹಾಕಿದ್ದರು. ದ್ರೌಪದಿ ಮುರ್ಮು ಅವರು ರಾಷ್ಟ್ರಪತಿಯಾಗಿ ಪ್ರಮಾಣ ಮಾಡುತ್ತಿದ್ದರು. 1997ರಲ್ಲಿ ಒಡಿಶಾದ ರಾಯರಂಗಪುರ ಎಂಬ ಸಣ್ಣ ಪೇಟೆಯ ಕೌನ್ಸಿಲರ್. 2000ದಲ್ಲಿ ಎಂಎಲ್ಎ, ಮಂತ್ರಿ. 2015ರಲ್ಲಿ ಜಾರ್ಖಂಡಿನ ರಾಜ್ಯಪಾಲೆ. ಈಗ ಇದು. ನಾವು ಹೆಂಗಸು ಮೆಂಬರುಗಳೆಲ್ಲ ಬಾಗಿಲ ಹತ್ತಿರ ನಿಂತು ನೋಡಿದೆವು. ಗಂಡಸು ಮೆಂಬರೊಬ್ಬರು ತಮಾಷೆಗೆ, "ಇನ್ನು ನಿಮ್ಮ ಸರದಿ ಅಕ್ಕ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ಮಾತ್ರ ಲೆಕ್ಕ ಹಾಕಿದೆ. ಕೇರಳದಲ್ಲಿ 2010ರಿಂದ ಪಂಚಾಯತು ಸೀಟುಗಳಲ್ಲಿ ಅರ್ಧ ಹೆಂಗಸರಿಗೆ. 941 ಗ್ರಾಮ ಪಂಚಾಯತುಗಳು. ಅಷ್ಟು ಕಡೆ ನಾವು ಅರ್ಧಕ್ಕರ್ಧ. ವಿಧಾನಸಭೆಗೆ ಹೋದರೆ, 2021ರಲ್ಲಿ ಗೆದ್ದದ್ದು 140ರಲ್ಲಿ 11 ಮಂದಿ. ಎರಡು ವರ್ಷ ಕಳೆದು 2024ರ ಲೋಕಸಭಾ ಚುನಾವಣೆಯಲ್ಲಂತೂ ಕೇರಳದ 20 ಸೀಟಿನಲ್ಲಿ ಒಬ್ಬಳೂ ಗೆಲ್ಲಲಿಲ್ಲ. ಆಮೇಲೆ ವಯನಾಡಿನ ಉಪಚುನಾವಣೆಯಲ್ಲಿ ಒಬ್ಬರು ಬಂದರು. ಕೆಳಗಿನ ಮೆಟ್ಟಿಲಲ್ಲಿ ಇಷ್ಟು ಜನ ನಿಂತಿದ್ದೇವೆ, ಎರಡನೇ ಮೆಟ್ಟಿಲು ಎಲ್ಲಿ ಹೋಯಿತು?

ಎಲ್ಲಿ ಹೋಯಿತು ಅಂತ ನನಗೆ ಗೊತ್ತಾದದ್ದು 2025ರಲ್ಲಿ. ಮಹಿಳಾ ಮೀಸಲು ಸುತ್ತುತ್ತಾ ಹೋಗುತ್ತದೆ. ಈ ಸಲ ಮೀಸಲಾದ ವಾರ್ಡು ಮುಂದಿನ ಸಲ ಸಾಮಾನ್ಯ. ಒಬ್ಬ ಹೆಂಗಸು ಕೆಲಸ ಕಲಿತು, ಆಫೀಸಿನ ಒಳದಾರಿ ಹೊರದಾರಿ ತಿಳಿದುಕೊಂಡು, ಇನ್ನೇನು ಗಟ್ಟಿಯಾಗಿ ನಿಲ್ಲಬೇಕು ಅನ್ನುವಾಗ ವಾರ್ಡು ಕಾಲ ಕೆಳಗಿನಿಂದ ಜಾರುತ್ತದೆ. ಸಾಮಾನ್ಯ ಅಂದರೆ ಯಾರು ಬೇಕಾದರೂ ನಿಲ್ಲಬಹುದು ಅಂತ ಕಾಗದದಲ್ಲಿ ಇದೆ. ಜಗಲಿಯಲ್ಲಿ ಅದಕ್ಕೆ ಅರ್ಥ ಗಂಡಸಿನ ವಾರ್ಡು. ಅದರ ಮೇಲೆ ಈ ಸಲ ವಾರ್ಡುಗಳ ಗಡಿಯನ್ನೇ ಹೊಸದಾಗಿ ಗೀಚಿದರು. ನನ್ನ ಕಾಲನಿಯ ಅರ್ಧ ಪಕ್ಕದ ವಾರ್ಡಿಗೆ ಹೋಯಿತು.

ನವೆಂಬರಿನಲ್ಲಿ ಜಗಲಿಗೆ ಮತ್ತೆ ಜನ ಬಂದರು. ಮೂವರಲ್ಲಿ ಇಬ್ಬರು ಹಳಬರೇ. ಮೂರನೆಯವರು ಹೊಸ ಅಭ್ಯರ್ಥಿ. 2020ರಲ್ಲಿ ನನ್ನ ಜೊತೆ ಮನೆ ಮನೆ ಸುತ್ತಿ ಅಜ್ಜಿಗೆ ಕೇಂದ್ರ, ರಾಜ್ಯ ಅಂತ ವಿವರಿಸಿದ ಅದೇ ಹುಡುಗ. ಈಗ ಮೀಸೆ ಬಿಟ್ಟಿದ್ದಾನೆ. "ಅಕ್ಕನ ಆಶೀರ್ವಾದ ಬೇಕು, ಪುಸ್ತಕವೂ ಬೇಕು" ಅಂದ. ಪಕ್ಕದ ಮಹಿಳಾ ವಾರ್ಡಿನಲ್ಲಿ ನನ್ನನ್ನು ನಿಲ್ಲಿಸಬಹುದಿತ್ತಲ್ಲ ಅಂತ ಇವರು ಕೇಳಿದರು. ಅಲ್ಲಿಗೆ ಬೇರೆ ಹೆಸರು ಆಗಿದೆ, ಒಬ್ಬರ ಸೊಸೆ, ಓದಿದವಳು ಅಂದರು. ದೊಡ್ಡ ಮಾವ ಏನೋ ಹೇಳಲು ಬಾಯಿ ತೆರೆದರು, ಎಲೆ ರಸ ಗಂಟಲಿಗೆ ಹೋಗಿ ಕೆಮ್ಮು ಬಂತು. ಆ ಕೆಮ್ಮಿನಲ್ಲೇ ಮಾತುಕತೆ ಮುಗಿಯಿತು. 2023ರಲ್ಲಿ ದೆಹಲಿಯಲ್ಲಿ ಲೋಕಸಭೆಗೂ ವಿಧಾನಸಭೆಗೂ ಮೂರರಲ್ಲೊಂದು ಪಾಲು ಹೆಂಗಸರಿಗೆ ಅಂತ ಕಾನೂನು ಮಾಡಿದ್ದಾರೆ. ಜಾರಿಗೆ ಬರುವುದು ಜನಗಣತಿ, ಕ್ಷೇತ್ರ ವಿಂಗಡಣೆ ಆದ ಮೇಲೆ. ಅಲ್ಲೂ ಸೀಟು ಸುತ್ತುತ್ತದೆ. ಅಲ್ಲಿಯ ಜಗಲಿಯಲ್ಲಿ ಯಾರ್‍ಯಾರು ಕೂರುತ್ತಾರೋ.

ಸಿಟ್ಟು ಬರಲಿಲ್ಲವಾ ಅಂತ ತಂಗಿ ಕೇಳಿದಳು. ಬಂತು. ಎರಡು ದಿನ ಯಾರ ಫೋನೂ ತೆಗೆಯಲಿಲ್ಲ. ಮೂರನೇ ದಿನ ಆ ಸೊಸೆ ಹುಡುಗಿಯೇ ಸ್ಕೂಟರ್ ಹತ್ತಿ ಬಂದಳು, ಕೈಯಲ್ಲಿ ಫಾರಂ. ಠೇವಣಿ ಈಗ 2,000 ಆಗಿದೆ. ಇಂಗ್ಲಿಷ್ ಎಂಎ ಆಗಿದೆ ಹುಡುಗಿಗೆ, ಮದುವೆಯಾಗಿ ಬಂದದ್ದು ಪುತ್ತೂರಿನಿಂದ, ಮಲಯಾಳದ ಅಕ್ಷರ ಬಾರದು. ಪಟ್ಟಿ ತೆಗೆಸಿ ಮೊದಲು ಅವಳ ಮನೆ ಹೆಸರು ನೋಡಿದೆ. 'ಅಡ್ಕ' ಹೋಗಿ 'ಅಡುಕ್ಕಂ' ಆಗಿತ್ತು. "ಇದನ್ನು ಪಟ್ಟಿಯಲ್ಲಿ ಇದ್ದ ಹಾಗೇ ಬರೆ, ಗುರುತು ಚೀಟಿಯ ಜೆರಾಕ್ಸು ಎರಡು ಇಟ್ಟುಕೋ, ಖರ್ಚಿನ ಪುಸ್ತಕ ಇವತ್ತೇ ಶುರು ಮಾಡು" ಅಂದೆ. ಚಿನ್ನದ ಕಾಲಂ ಬಂದಾಗ, "ಅತ್ತೆ ಎದುರು ಓದಬೇಡ" ಅಂದೆ. ಹುಡುಗಿಗೆ ನಗು ತಡೆಯಲಿಲ್ಲ.

ಡಿಸೆಂಬರ್ 11ಕ್ಕೆ ಓಟಾಯಿತು, 13ಕ್ಕೆ ಎಣಿಕೆ. ಆ ಹುಡುಗಿ ಗೆದ್ದಳು. ಮೀಸೆಯ ಹುಡುಗನೂ ಗೆದ್ದ.

ನನ್ನನ್ನು ಜನ ಈಗಲೂ ಮೆಂಬರಕ್ಕ ಅಂತಲೇ ಕರೆಯುತ್ತಾರೆ. ಹೋದ ವಾರ ಮೇಲಿನ ಕಾಲನಿಯಿಂದ ಫೋನು ಬಂತು, ಇಳಿಜಾರಿನ ದೀಪ ಉರಿಯುವುದಿಲ್ಲ ಅಂತ. ನಾನು ಮೆಂಬರ್ ಅಲ್ಲ ಅಂತ ಹೇಳಿದರೆ ಅವರಿಗೆ ಕೇಳಿಸುವುದೇ ಇಲ್ಲ. ಟಾರ್ಚು ಹಿಡಿದು ಹೋಗಿ ಕಂಬದ ನಂಬರ್ ಬರೆದುಕೊಂಡೆ. ಹೊಸ ಮೆಂಬರಿಗೆ ವಾಟ್ಸಾಪ್ ಮಾಡಿದೆ. ನೀಲಿ ಗೀಟು ಬಿದ್ದಿದೆ. ಉತ್ತರ ಇನ್ನೂ ಬಂದಿಲ್ಲ.